ಕೋರೆಲ್, ಫೋಟೋಶಾಪ್ ಎರಡೂ ಕೆಲಸದ ಮಧ್ಯೆ ಕ್ಲೋಸ್ ಆಗ್ತಿವೆ: ಹಳೇ ಸಿಸ್ಟಂ, ಎರಡು ಸಲ ಫಾರ್ಮ್ಯಾಟ್ ಆದ್ರೂ ಸರಿಹೋಗಿಲ್ಲ

ತುಂಗೆದಡ (ತೀರ್ಥಹಳ್ಳಿ)

ನಮಸ್ಕಾರ. ಡಿಟಿಪಿ ಅಂಗಡಿಯ ಸಿಸ್ಟಂ. ವಿವರ ಮೊದಲೇ ಬರೀತೀನಿ.

ಕೋರ್ 2 ಡ್ಯುಯೊ ಇ7500, ಜಿ31 ಚಿಪ್‌ಸೆಟ್ ಬೋರ್ಡು, ಡಿಡಿಆರ್2 ರ‍್ಯಾಮ್ 2+2 ಜಿಬಿ, 500 ಜಿಬಿ ಹಾರ್ಡ್ ಡಿಸ್ಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ವಿಂಡೋಸ್ 7, 32 ಬಿಟ್. ಕೋರೆಲ್ ಡ್ರಾ ಎಕ್ಸ್5, ಫೋಟೋಶಾಪ್ ಸಿಎಸ್6. 600 ವಿಎ ಯುಪಿಎಸ್ ಇದೆ.

ಕೋರೆಲ್‌ನಲ್ಲಿ ಮದುವೆ ಕಾಗದ ಮಾಡಿ ಪ್ರಿಂಟ್ ಕೊಟ್ಟರೆ ಹತ್ತರಲ್ಲಿ ಮೂರ್ನಾಲ್ಕು ಸಲ ಏನೂ ಹೇಳದೆ ಮಾಯ. ಕೆಲವು ಸಲ ತೆರೆಯುವಾಗಲೇ, ಆ ಮೊದಲ ಚಿತ್ರ ಬಂದಲ್ಲೇ ಮುಚ್ಚಿಕೊಳ್ಳುತ್ತೆ.

ಫೋಟೋಶಾಪ್‌ನಲ್ಲಿ ಗಣಪತಿ ಹಬ್ಬದ ಬ್ಯಾನರ್, 10×6 ಅಡಿ, 300 ಡಿಪಿಐ. ಮೂರನೇ ಲೇಯರ್ ಹಾಕುವಷ್ಟರಲ್ಲಿ ರ‍್ಯಾಮ್ ಸಾಲದು ಅನ್ನುತ್ತೆ. ಬ್ಲರ್ ಕೊಟ್ಟರೆ ಔಟ್.

ಇನ್ನೊಂದು ವಿಚಿತ್ರ. ಜಡಿಮಳೆ ಹಿಡಿದ ದಿನ ಬೆಳಿಗ್ಗೆ ಮೊದಲ ಸಲ ಆನ್ ಮಾಡಿದರೆ ಬೀಪ್ ಬೀಪ್ ಅಂತ ಕೂಗಿ ನಿಂತುಬಿಡುತ್ತೆ, ಇಲ್ಲ ನೀಲಿ ಪರದೆ. ಆಫ್ ಮಾಡಿ ಮತ್ತೆ ಹಾಕಿದರೆ ಏಳುತ್ತೆ. ಅಂಥ ದಿನ ಕೋರೆಲ್ ಮಾತ್ರ ಅಲ್ಲ, ಬ್ರೌಸರ್ ಕೂಡ ಬೀಳುತ್ತೆ.

ಫಾರ್ಮ್ಯಾಟ್ ಮಾಡಿಸಿದ ಮೇಲೆ ನಾಲ್ಕು ದಿನ ಚೆನ್ನಾಗಿರುತ್ತೆ, ಮತ್ತೆ ಅದೇ ಹಾಡು. ರಿಪೇರಿಯವರು ಬೋರ್ಡ್ ಹೋಗಿದೆ ಅಂತಾರೆ. ಹೊಸದು ತಗೊಳ್ಳೋ ಮೊದಲು ನೋಡಬೇಕಾದ್ದು ಏನಾದರೂ ಇದೆಯಾ?

ದುರ್ಗಿಗುಡಿ ಮೂಲೆ (ಶಿವಮೊಗ್ಗ)

ಇದು ಒಂದು ರೋಗ ಅಲ್ಲ ಮಾರಾಯ್ರೆ. ಮೂರು ಪ್ಯಾರಾದಲ್ಲಿ ನೀವೇ ಮೂರು ರೋಗ ಬರೆದಿದ್ದೀರಿ. ಮೂರಕ್ಕೂ ಫಾರ್ಮ್ಯಾಟ್ ಅನ್ನೋ ಒಂದೇ ಕಷಾಯ ಕುಡಿಸಿದ್ದಾರೆ.

ಮೊದಲು ಲಾಗ್ (ಆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ದಾಖಲೆ) ನೋಡಿ. ಸ್ಟಾರ್ಟ್ ಮೆನುವಿನ ಹುಡುಕುವ ಜಾಗದಲ್ಲಿ ಇವೆಂಟ್ ವ್ಯೂವರ್ ಅಂತ ಹೊಡೆದು ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಷನ್. ಸೋರ್ಸ್ ಕಾಲಂನಲ್ಲಿ ಅಪ್ಲಿಕೇಷನ್ ಎರರ್, ಇವೆಂಟ್ ಐಡಿ 1000 ಇರುವ ಕೆಂಪು ಗುರುತುಗಳನ್ನು ಒಂದೊಂದಾಗಿ ತೆರೆಯಿರಿ. ಒಳಗೆ ಉದ್ದಕ್ಕೆ ಏನೇನೋ ಇರುತ್ತೆ, ನಿಮಗೆ ಬೇಕಾದ್ದು ಫಾಲ್ಟಿಂಗ್ ಮಾಡ್ಯೂಲ್ ನೇಮ್ ಅನ್ನೋ ಸಾಲು. ಬಿದ್ದದ್ದು ಕೋರೆಲ್ಲೇ ಆದರೂ ಬೀಳಿಸಿದ್ದು ಯಾರು ಅನ್ನೋದು ಅಲ್ಲಿರುತ್ತೆ. ಹೆಸರು ಎನ್‌ವಿ ಎಂದು ಶುರುವಾದರೆ ಎನ್‌ವಿಡಿಯಾ ಡ್ರೈವರ್ (ಯಂತ್ರದ ಭಾಗವನ್ನು ವಿಂಡೋಸ್‌ಗೆ ಜೋಡಿಸುವ ಪ್ರೋಗ್ರಾಂ), ಎಟಿಐ ಎಂದಾದರೆ ಎಎಂಡಿ, ಐಜಿ ಎಂದಾದರೆ ಇಂಟೆಲ್ ಅಂತ ಸಾಧಾರಣವಾಗಿ ಹಿಡಿಯಬಹುದು. ಎನ್‌ಟಿಡಿಎಲ್‌ಎಲ್ ಅಂತಿದ್ದರೆ ಅದನ್ನು ಬೈಯಬೇಡಿ. ಅದು ವಿಂಡೋಸ್‌ನ ಸ್ವಂತದ್ದು, ಬೇರೆಯವರು ಮೆಮೊರಿ ಕೆಡಿಸಿದ ಮೇಲೆ ಎಡವಿ ಬೀಳೋದು ಅದು.

ಕೆಳಗೆ ಎಕ್ಸೆಪ್ಷನ್ ಕೋಡ್ ಅಂತಿದೆ. ಸಿ ಅಕ್ಷರ, ಆಮೇಲೆ ಸೊನ್ನೆಗಳ ಸಾಲು, ಕೊನೆಗೆ 5 ಇದ್ದರೆ ಆ ಪ್ರೋಗ್ರಾಂ ಮೆಮೊರಿಯಲ್ಲಿ ತನ್ನದಲ್ಲದ ಜಾಗಕ್ಕೆ ಕೈ ಹಾಕಿದೆ ಅಂತ. ಇದನ್ನು ನೋಡಿದ ಕೂಡಲೇ ರ‍್ಯಾಮ್ ಕೆಟ್ಟಿದೆ ಅನ್ನೋರು ಬಹಳ. ಹಾಗೇನಿಲ್ಲ, ಕೆಟ್ಟ ಡ್ರೈವರ್‌ಗೂ ಕೆಟ್ಟ ಫಾಂಟ್‌ಗೂ ಇದೇ ಕೋಡ್ ಬರುತ್ತೆ.

ಒಂದು ಹಾಳೆ ತಗೊಂಡು ನಾಲ್ಕು ಕಾಲಂ ಗೆರೆ ಹಾಕಿ. ದಿನ-ಹೊತ್ತು, ಯಾವ ಪ್ರೋಗ್ರಾಂ, ಆಗ ಏನು ಮಾಡ್ತಿದ್ರಿ, ಮಾಡ್ಯೂಲ್ ಹೆಸರು. ಹತ್ತು ಸಾಲು ತುಂಬಿದ ಮೇಲೆ ಓದಿ. ಅದೇ ಕೆಲಸಕ್ಕೆ ಅದೇ ಮಾಡ್ಯೂಲ್ ಬಂದರೆ ಸಾಫ್ಟ್‌ವೇರ್. ಸಲಕ್ಕೊಂದು ಪ್ರೋಗ್ರಾಂ, ಸಲಕ್ಕೊಂದು ಮಾಡ್ಯೂಲ್ ಬಂದರೆ ಕಬ್ಬಿಣದ ಡಬ್ಬಿಯೊಳಗೆ ಹುಡುಕಬೇಕು.

ಪಕ್ಕದ ಸಿಸ್ಟಂ ಲಾಗನ್ನೂ ನೋಡಿ. ಅಲ್ಲಿ ಡಿಸ್ಪ್ಲೇ 4101 ಕಂಡರೆ ಗ್ರಾಫಿಕ್ಸ್ ಡ್ರೈವರ್ ಉತ್ತರ ಕೊಡದೆ ನಿಂತು ವಿಂಡೋಸ್ ಅದನ್ನು ಎಬ್ಬಿಸಿದೆ ಅಂತ. ವಿಂಡೋಸ್ ಕಾಯೋದು 2 ಸೆಕೆಂಡ್ ಮಾತ್ರ. ಡಿಸ್ಕ್ 7 ಕಂಡರೆ ಹಾರ್ಡ್ ಡಿಸ್ಕ್‌ನಲ್ಲಿ ಕೆಟ್ಟ ಜಾಗ; ಉಳಿದೆಲ್ಲ ಬಿಟ್ಟು ಮೊದಲು ಬ್ಯಾಕಪ್. ಕರ್ನೆಲ್ ಪವರ್ 41 ಅಂದರೆ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ. ಗಡಿಯಾರ ಸರಿ ಇದೆಯಾ ಅಂತಲೂ ನೋಡಿ. ಬೋರ್ಡಿನ ಸಿಆರ್2032 ಸೆಲ್ ಹೋಗಿದ್ದರೆ ತಾರೀಖು ಹಿಂದಕ್ಕೆ ಹೋಗಿ ಲಾಗ್ ಓದೋಕೇ ಆಗಲ್ಲ.

ಈಗ ನಿಮ್ಮ ಪ್ರಿಂಟ್ ತೊಂದರೆ. ಡಿವೈಸಸ್ ಅಂಡ್ ಪ್ರಿಂಟರ್ಸ್‌ಗೆ ಹೋಗಿ ಎಕ್ಸ್‌ಪಿಎಸ್ ಡಾಕ್ಯುಮೆಂಟ್ ರೈಟರ್ (ಕಾಗದದ ಬದಲು ಫೈಲ್‌ಗೆ ಪ್ರಿಂಟ್ ಮಾಡುವ, ವಿಂಡೋಸ್ ಜೊತೆಗೇ ಬರುವ ಪ್ರಿಂಟರ್) ಮೇಲೆ ಬಲ ಕ್ಲಿಕ್ ಮಾಡಿ ಅದನ್ನೇ ಡೀಫಾಲ್ಟ್ ಮಾಡಿ. ಎರಡು ದಿನ ಹಾಗೇ ಬಿಡಿ. ಕೋರೆಲ್ ತೆರೆಯುವಾಗಲೇ ಡೀಫಾಲ್ಟ್ ಪ್ರಿಂಟರ್‌ನ ಡ್ರೈವರನ್ನು ಮಾತಾಡಿಸುತ್ತೆ. ಆ ಡ್ರೈವರ್ ಕೋರೆಲ್‌ನ ಮನೆಯೊಳಗೇ ಬಂದು ಕೂತು ಕೆಲಸ ಮಾಡೋದರಿಂದ, ಅದು ಬಿದ್ದರೆ ಕೋರೆಲ್ಲನ್ನೂ ಎಳ್ಕೊಂಡು ಬೀಳುತ್ತೆ. ಡೀಫಾಲ್ಟ್ ಬದಲಿಸಿದ ಮೇಲೆ ತೆರೆಯುವಾಗ ಬೀಳೋದು ನಿಂತರೆ ಕಳ್ಳ ಸಿಕ್ಕ ಹಾಗೆ. ಆಗ ಪ್ರಿಂಟರ್ ಐಕಾನ್ ಅಳಿಸಿದರೆ ಸಾಲದು. ಯಾವುದಾದರೂ ಪ್ರಿಂಟರ್ ಆಯ್ಕೆ ಮಾಡಿದಾಗ ಮೇಲ್ಗಡೆ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ಬರುತ್ತೆ, ಅದರ ಡ್ರೈವರ್ಸ್ ಪುಟದಲ್ಲಿ ಹಳೇ ಡ್ರೈವರ್ ಮತ್ತು ಅದರ ಪ್ಯಾಕೇಜ್ ಎರಡನ್ನೂ ತೆಗೆದು, ರೀಸ್ಟಾರ್ಟ್ ಮಾಡಿ, ವಿಂಡೋಸ್ 7, 32 ಬಿಟ್‌ದೇ ಡ್ರೈವರ್ ಹೊಸದಾಗಿ ಹಾಕಿ. ಫಾರ್ಮ್ಯಾಟ್ ಮಾಡಿದವರು ಪ್ರತಿ ಸಲ ಅದೇ ಹಳೇ ಸಿಡಿಯಿಂದ ಅದೇ ಡ್ರೈವರ್ ಹಾಕಿರ್ತಾರೆ. ಅದಕ್ಕೇ ನಾಲ್ಕು ದಿನದ ಆಯಸ್ಸು.

ಕೋರೆಲ್ ಐಕಾನ್ ಡಬಲ್ ಕ್ಲಿಕ್ ಮಾಡಿ ಕೂಡಲೇ ಎಫ್8 ಒತ್ತಿ ಹಿಡಿದರೆ ವರ್ಕ್‌ಸ್ಪೇಸ್ ಮೊದಲಿನಂತೆ ಮಾಡಲಾ ಅಂತ ಕೇಳುತ್ತೆ. ಫೋಟೋಶಾಪ್‌ಗೆ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರೂ ಹಿಡಿಯಬೇಕು. ನೀವೇ ಮಾಡಿಕೊಂಡ ಶಾರ್ಟ್‌ಕಟ್, ಆ್ಯಕ್ಷನ್ ಇದ್ದರೆ ಮೊದಲೇ ಬೇರೆ ಕಡೆ ಸೇವ್ ಮಾಡಿಟ್ಟು ಆಮೇಲೆ ಇದಕ್ಕೆ ಕೈ ಹಾಕಿ.

ಗೆರೆ ಲೆಕ್ಕ (ಭದ್ರಾವತಿ)

ಬ್ಯಾನರ್ ವಿಷಯಕ್ಕೆ ಮಾತ್ರ ಉತ್ತರ.

10 ಅಡಿ ಅಂದರೆ 120 ಇಂಚು. 300ರಿಂದ ಗುಣಿಸಿ: 36,000 ಪಿಕ್ಸೆಲ್. 6 ಅಡಿ ಅಂದರೆ 72 ಇಂಚು, 21,600 ಪಿಕ್ಸೆಲ್. ಎರಡನ್ನೂ ಗುಣಿಸಿದರೆ 77 ಕೋಟಿ 76 ಲಕ್ಷ ಪಿಕ್ಸೆಲ್. ಸಿಎಂವೈಕೆಯಲ್ಲಿ (ಪ್ರಿಂಟಿನ ನಾಲ್ಕು ಬಣ್ಣ) ಪಿಕ್ಸೆಲ್‌ಗೆ 4 ಬೈಟ್. 3.1 ಜಿಬಿ ಆಯ್ತು, ಅದೂ ಬರೀ ಒಂದು ತುಂಬಿದ ಲೇಯರ್‌ಗೆ. ನಿಮ್ಮದು 32 ಬಿಟ್ ವಿಂಡೋಸ್. ಒಂದು ಪ್ರೋಗ್ರಾಂಗೆ ಸಿಗುವ ವಿಳಾಸದ ಜಾಗವೇ 2 ಜಿಬಿ. ಉಳಿದದ್ದು ಹಾರ್ಡ್ ಡಿಸ್ಕ್‌ನ ಸ್ಕ್ರ್ಯಾಚ್ ಫೈಲ್‌ಗೆ ಹೋಗಿ ಬಂದು ಮಾಡಬೇಕು. ಅಂಗೈಯಗಲದ ಅಡಿಕೆ ಹಾಳೆಯಲ್ಲಿ ಹಂಡೆ ನೀರು ಹಿಡಿದ ಹಾಗೆ.

ಅದೇ ಬ್ಯಾನರ್ 72 ಡಿಪಿಐನಲ್ಲಿ 8,640×5,184 ಪಿಕ್ಸೆಲ್, ಸುಮಾರು 179 ಎಂಬಿ. 100ರಲ್ಲಿ ಮಾಡಿದರೂ 346 ಎಂಬಿ ಅಷ್ಟೇ. ರಸ್ತೆ ಬದಿಯಲ್ಲಿ ಹದಿನೈದಡಿ ದೂರದಿಂದ ನೋಡುವ ಬ್ಯಾನರ್‌ಗೆ 72 ಸಾಕು. ಹತ್ತಿರ ನಿಂತು ಓದುವಂಥದ್ದಾದರೆ 100. ಅದಕ್ಕಿಂತ ಮೇಲೆ ಹೋಗಬೇಡಿ. ಅಕ್ಷರಗಳನ್ನು ಫೋಟೋಶಾಪ್‌ನಲ್ಲಿ ಹಾಕಲೇಬೇಡಿ. ಚಿತ್ರ ಮಾತ್ರ ಅಲ್ಲಿ ಮಾಡಿ ಟಿಫ್ ಉಳಿಸಿ, ಅಕ್ಷರ ಕೋರೆಲ್‌ನಲ್ಲಿ. 72ರಲ್ಲೂ ಅಕ್ಷರದ ಅಂಚು ಚೂಪಾಗಿ ಬರುತ್ತೆ.

ಎಡಿಟ್, ಪ್ರಿಫರೆನ್ಸಸ್, ಪರ್ಫಾರ್ಮೆನ್ಸ್‌ಗೆ ಹೋಗಿ ಇವನ್ನು ನೋಡಿ:

ಮೆಮೊರಿ ಶೇ. 65 ದಾಟಬಾರದು. 90ಕ್ಕೆ ಎಳೆದು ಇಟ್ಟಿದ್ದರೆ ಫಿಲ್ಟರ್‌ಗೂ ಫಾಂಟ್‌ಗೂ ಜಾಗ ಇಲ್ಲದೆ ಬೀಳೋದು ಇನ್ನೂ ಜಾಸ್ತಿ ಆಗುತ್ತೆ. ಇದನ್ನು ನಂಬದವರೇ ಹೆಚ್ಚು.

ಹಿಸ್ಟರಿ ಸ್ಟೇಟ್ಸ್ (ಎಷ್ಟು ಹೆಜ್ಜೆ ಹಿಂದಕ್ಕೆ ಹೋಗಬಹುದು ಅನ್ನೋದು) 20 ಇರುತ್ತೆ, 8 ಮಾಡಿ.

ಯೂಸ್ ಗ್ರಾಫಿಕ್ಸ್ ಪ್ರೊಸೆಸರ್ ಗುರುತು ಇದ್ದರೆ ತೆಗೆಯಿರಿ. ಸಿಎಸ್6 ಕೇಳೋದು ಓಪನ್‌ಜಿಎಲ್ 2.0, ಜಿ31 ಒಳಗಿನ ಗ್ರಾಫಿಕ್ಸ್ ಅಷ್ಟಕ್ಕೆ ಏರಲ್ಲ. ನಿಮ್ಮಲ್ಲಿ ಆ ಗುರುತು ಮಸುಕಾಗಿಯೇ ಇರಬಹುದು. ಇದ್ದರೆ ಒಳ್ಳೇದೇ.

ಸ್ಕ್ರ್ಯಾಚ್ ಡಿಸ್ಕ್ ಸಿ ಡ್ರೈವ್ ಬೇಡ. ಇನ್ನೊಂದು ಡ್ರೈವ್‌ನಲ್ಲಿ ಕನಿಷ್ಠ 20 ಜಿಬಿ ಖಾಲಿ ಇರಲಿ. ಒಂದೇ ಹಾರ್ಡ್ ಡಿಸ್ಕ್‌ನ ಡಿ, ಇ ಅಂತ ಭಾಗ ಮಾಡಿದ್ದರೆ ವೇಗ ಹೆಚ್ಚಲ್ಲ, ಆದರೆ ಸಿ ತುಂಬಿ ವಿಂಡೋಸ್ ಉಸಿರು ಕಟ್ಟೋದು ತಪ್ಪುತ್ತೆ.

ಕೋರೆಲ್‌ನಲ್ಲೇ ಬ್ಯಾನರ್ ಮಾಡೋರಿಗೆ ಒಂದು ಮಾತು. ಡ್ರಾಪ್ ಶ್ಯಾಡೋ ಹಾಕಿದರೆ ಅದು ಒಳಗೆ ಬಿಟ್‌ಮ್ಯಾಪ್ ಆಗುತ್ತೆ, ಸಾಮಾನ್ಯವಾಗಿ 300 ಡಿಪಿಐ. ಹತ್ತಡಿ ಅಕ್ಷರಕ್ಕೆ ಹತ್ತಡಿ ನೆರಳು, ಅದೇ 3 ಜಿಬಿ ಕಥೆ. ಆಪ್ಷನ್ಸ್ ಒಳಗಿನ ಜನರಲ್ ಪುಟದಲ್ಲಿ ರೆಸಲ್ಯೂಷನ್ 72 ಮಾಡಿ. ಇಲ್ಲವೇ ಇಡೀ ಕೆಲಸವನ್ನು ಹತ್ತನೇ ಒಂದು ಅಳತೆಯಲ್ಲಿ, ಅಂದರೆ 12×7.2 ಇಂಚಿನಲ್ಲಿ ಮಾಡಿ. ಆಗ 300 ಡಿಪಿಐ ಇಟ್ಟರೂ ಪೂರ್ತಿ ಅಳತೆಗೆ ಅದು 30 ಅಷ್ಟೇ ಅನ್ನೋದು ನೆನಪಿರಲಿ. 720 ಇಟ್ಟರೆ 72ಕ್ಕೆ ಸಮ.

ಬೆಸುಗೆ (ಸಾಗರ)

ಮಳೆಗಾಲದ ಬೀಪ್‌ಗೆ ಬರ್ತೀನಿ. ಬೀಪ್ ನಿಲ್ಲದೆ ಕೂಗಿದರೆ ಹೆಚ್ಚಿನ ಸಲ ರ‍್ಯಾಮ್. ಎಲ್ಲಾ ಪ್ರೋಗ್ರಾಮೂ ಬೀಳೋದೂ ಅದನ್ನೇ ಹೇಳುತ್ತೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತೆ, ರ‍್ಯಾಮ್ ಕಾಲುಗಳ ಮೇಲೆ ಬೂಷ್ಟು ಥರ ಮಂಕು ಕೂರೋದರಲ್ಲಿ ಆಶ್ಚರ್ಯ ಇಲ್ಲ. ಧೂಳು ಒಣಗಿದ್ದಾಗ ಬರೀ ಕೊಳೆ, ತೇವ ಹಿಡಿದಾಗ ಕರೆಂಟು ಹರಿಯುವ ದಾರಿ. ಅಡಿಕೆ ಸುಲಿಯುವ ಜಾಗದ ಪಕ್ಕ ಅಂಗಡಿ ಇದ್ದರೆ ಕೇಳೋದೇ ಬೇಡ.

ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿ ಹಿಡಿದು ಒಳಗೆ ಉಳಿದ ಕರೆಂಟು ಇಳಿಸಿ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹ ಮುಟ್ಟಿಕೊಂಡು ರ‍್ಯಾಮ್ ತೆಗೆಯಿರಿ. ಬಿಳಿ ಪೆನ್ಸಿಲ್ ರಬ್ಬರ್‌ನಿಂದ ಚಿನ್ನದ ಬಣ್ಣದ ಕಾಲುಗಳನ್ನು ಮೇಲಿಂದ ಕೆಳಗೆ, ಅಂಚಿನ ಕಡೆಗೆ ಉಜ್ಜಿ. ಇಂಕ್ ಅಳಿಸುವ ನೀಲಿ-ಕೆಂಪು ರಬ್ಬರ್ ಬೇಡ, ಅದರಲ್ಲಿ ಮರಳಿನಂಥ ಪುಡಿ ಇರುತ್ತೆ, ಚಿನ್ನದ ಲೇಪವೇ ಎದ್ದುಹೋಗುತ್ತೆ. ರಬ್ಬರ್ ಪುಡಿ ಝಾಡಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಐದು ನಿಮಿಷ ಬಿಡಿ. ಸ್ಲಾಟ್‌ಗೆ ಒಣ ಬ್ರಷ್ ಸಾಕು. ಬಾಯಿಂದ ಊದಬೇಡಿ, ಎಂಜಲು ಹೋಗಿ ಸೇರುತ್ತೆ. ಬ್ಲೋವರ್ ಹಿಡಿದರೆ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಗಿರ್ರನೆ ತಿರುಗಿ ಬೇರಿಂಗ್ ಕೆಡುತ್ತೆ.

ಆಮೇಲೆ ಪರೀಕ್ಷೆ. ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ ಮೆಮ್‌ಟೆಸ್ಟ್86+ ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ. ಎರಡೂ ಕಡ್ಡಿ ಒಟ್ಟಿಗೆ ಬೇಡ. ಒಂದು ಕಡ್ಡಿ, ಒಂದು ಸ್ಲಾಟ್, ರಾತ್ರಿ ಪೂರ್ತಿ. ಮರುದಿನ ಇನ್ನೊಂದು ಕಡ್ಡಿ, ಅದೇ ಸ್ಲಾಟ್. ಒಂದೇ ಒಂದು ಕೆಂಪು ಸಾಲು ಬಂದರೂ ಫೇಲ್. "ಒಂದೇ ಎರರ್ ತಾನೇ" ಅನ್ನೋ ಮಾತಿಲ್ಲ ಇಲ್ಲಿ. ಎರಡು ಕಡ್ಡಿಯೂ ಒಂದೇ ಸ್ಲಾಟ್‌ನಲ್ಲಿ ಫೇಲ್ ಆಗಿ ಇನ್ನೊಂದರಲ್ಲಿ ಪಾಸ್ ಆದರೆ ಕೆಟ್ಟದ್ದು ಸ್ಲಾಟ್.

ಕ್ಯಾಬಿನೆಟ್ ತೆರೆದಾಗಲೇ ಇನ್ನೆರಡು ನೋಡಿಬಿಡಿ. ಪ್ರೊಸೆಸರ್ ಸುತ್ತ ನಿಂತಿರುವ ಕೆಪಾಸಿಟರ್‌ಗಳ ತಲೆ. ಮೇಲೆ ಅಡ್ಡಗೆರೆ ಕೊಯ್ದ ತಗಡು ಚಪ್ಪಟೆಯಾಗಿರಬೇಕು. ಇಡ್ಲಿ ಥರ ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ ಅದು ಹೋಗಿದೆ. ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಮೇಲಿರಲಿ, 105 ಡಿಗ್ರಿಯದ್ದು, ಲೋ ಇಎಸ್‌ಆರ್ ಅಂತ ಕೇಳಿ ತಗೊಳ್ಳಿ. ರೇಡಿಯೋ ಅಂಗಡಿಯ ಸಾದಾ ಕೆಪಾಸಿಟರ್ ಹಾಕಿದರೆ ಮತ್ತೆ ಉಬ್ಬುತ್ತೆ. ಪಟ್ಟಿ ಇರುವ ಕಡೆ ಮೈನಸ್.

ಎರಡನೇದು ಪ್ರೊಸೆಸರ್ ಪಕ್ಕದ ಚಿಪ್‌ಸೆಟ್ ಮೇಲಿನ ಚಿಕ್ಕ ಹೀಟ್‌ಸಿಂಕ್. ಜಿ31ರಲ್ಲಿ ಗ್ರಾಫಿಕ್ಸ್ ಇರೋದೇ ಅದರ ಅಡಿಯಲ್ಲಿ. ಎಲ್ಲರೂ ಪ್ರೊಸೆಸರ್‌ಗೆ ಪೇಸ್ಟ್ ಹಚ್ಚಿ ಸುಮ್ಮನಾಗ್ತಾರೆ. ಚಿತ್ರ ಎಳೆದಾಡುವಾಗ ಪರದೆಯಲ್ಲಿ ಚೌಕ-ಗೆರೆ ಮೂಡಿ ನಿಂತರೆ ಇಲ್ಲಿ ನೋಡಿ. ಒಣಗಿ ಸುಣ್ಣದಂತಾದ ಪೇಸ್ಟ್ ಕೆರೆದು, ಅಲ್ಕೋಹಾಲ್‌ನಲ್ಲಿ ಒರೆಸಿ, ಅಕ್ಕಿ ಕಾಳಿನಷ್ಟು ಹೊಸದು.

ಪ್ರೊಸೆಸರ್ ಫ್ಯಾನ್‌ಗೂ ಕೈ ಹಾಕೋದಾದರೆ ಅದರ ನಾಲ್ಕು ಬಿಳಿ ಪಿನ್ ಬಗ್ಗೆ ಜಾಗ್ರತೆ. ತಲೆಯ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆ ಎಳೆದರೆ ಬಿಡುತ್ತೆ. ಕೂರಿಸುವಾಗ ತಲೆ ವಾಪಸ್ ತಿರುಗಿಸಿ, ಎದುರು-ಬದುರು ಮೂಲೆಯ ಎರಡನ್ನು ಒಟ್ಟಿಗೆ ಒತ್ತಿ, ಟಕ್ ಅನ್ನಬೇಕು. ಬೋರ್ಡಿನ ಹಿಂದೆ ಬೆರಳಾಡಿಸಿದರೆ ನಾಲ್ಕೂ ಪಿನ್ನಿನ ಕವಲು ಬಿಚ್ಚಿಕೊಂಡು ಸಿಗಬೇಕು. ಮೂರೇ ಕೂತಿದ್ದರೆ ಒಂದು ಮೂಲೆ ಎದ್ದಿರುತ್ತೆ, ಅರ್ಧ ಗಂಟೆಗೆ ಬಿಸಿ.

ಕೊಡಚಾದ್ರಿ ಮೋಡ (ಹೊಸನಗರ)

ಎಸ್‌ಎಂಪಿಎಸ್ (ಸಿಸ್ಟಂನ ಒಳಗೆ ಎಲ್ಲಕ್ಕೂ ಕರೆಂಟು ಕೊಡುವ ಪೆಟ್ಟಿಗೆ) ಯಾರೂ ಹೇಳಲಿಲ್ಲ. ಮಲ್ಟಿಮೀಟರ್ ಡಿಸಿ 20 ವೋಲ್ಟ್‌ಗೆ ಇಟ್ಟು, ಖಾಲಿ ಇರುವ ನಾಲ್ಕು ಪಿನ್ನಿನ ಕನೆಕ್ಟರ್‌ನಲ್ಲಿ ಕಪ್ಪು ವೈರ್‌ಗೆ ಕಪ್ಪು ಕಡ್ಡಿ, ಹಳದಿಗೆ ಕೆಂಪು ಕಡ್ಡಿ. 11.4ರಿಂದ 12.6ರ ಒಳಗಿರಬೇಕು. ಕೆಂಪು ವೈರ್ 4.75ರಿಂದ 5.25. ಸುಮ್ಮನಿದ್ದಾಗ ಅಳೆದು ಸರಿ ಇದೆ ಅನ್ನಬೇಡಿ. ಫೋಟೋಶಾಪ್‌ನಲ್ಲಿ ದೊಡ್ಡ ಬ್ಲರ್ ಓಡುತ್ತಿರುವಾಗ ಅಳೆಯಿರಿ.

ಯುಪಿಎಸ್ ಇದ್ದರೂ ಕರೆಂಟು ಹೋದ ಗಳಿಗೆಯಲ್ಲಿ ಸಿಸ್ಟಂ ರೀಸ್ಟಾರ್ಟ್ ಆದರೆ ಎರಡು ಕಾರಣ. ಯುಪಿಎಸ್‌ನ 12 ವೋಲ್ಟ್, 7 ಎಎಚ್ ಬ್ಯಾಟರಿ ಮುಗಿದಿದೆ. ಎರಡು ಮೂರು ವರ್ಷಕ್ಕೆ ಮುಗಿಯುತ್ತೆ ಅದು. ಇಲ್ಲ ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್ ಒಣಗಿ, ಯುಪಿಎಸ್ ಬದಲಾಗುವ ಕೆಲವು ಮಿಲಿಸೆಕೆಂಡ್ ಕೂಡ ತಡೆಯಲಾಗುತ್ತಿಲ್ಲ. ಲೈನ್ ಮೇಲೆ ಕೊಂಬೆ ಬಿದ್ದು ದಿನಕ್ಕೆ ಹತ್ತು ಸಲ ಕರೆಂಟು ಕಣ್ಣು ಹೊಡೆಯುವ ನಮ್ಮಂಥ ಊರಲ್ಲಿ ಇದು ಬೇಗ ಗೊತ್ತಾಗುತ್ತೆ. ಲೇಸರ್ ಪ್ರಿಂಟರ್ ಯುಪಿಎಸ್‌ಗೆ ಚುಚ್ಚಬೇಡಿ. ಅದು ಬಿಸಿಯಾಗುವಾಗ ಎಳೆಯುವ ಕರೆಂಟಿಗೆ 600 ವಿಎ ತಡೆಯಲ್ಲ.

32 ಬಿಟ್‌ನಲ್ಲಿ 2 ಜಿಬಿ ಮಿತಿ ಬಗ್ಗೆ: ಬಿಸಿಡಿಎಡಿಟ್ ಆಜ್ಞೆಯಿಂದ ಇನ್‌ಕ್ರೀಸ್ ಯೂಸರ್ ವಿಎ 3072 ಅಂತ ಕೊಟ್ಟರೆ ಫೋಟೋಶಾಪ್‌ಗೆ 3 ಜಿಬಿ ಸಿಗುತ್ತೆ. ಮಾಡಿ ನೋಡಿ.

ಗೆರೆ ಲೆಕ್ಕ (ಭದ್ರಾವತಿ)

ಅದನ್ನು ಈಗಲೇ ಮಾಡಬೇಡಿ. ಪ್ರೋಗ್ರಾಂಗೆ 3 ಜಿಬಿ ಕೊಟ್ಟರೆ ಆ ಒಂದು ಜಿಬಿ ವಿಂಡೋಸ್‌ನ ಸ್ವಂತ ಪಾಲಿನಿಂದ ಹೋಗೋದು. ಡ್ರೈವರ್‌ಗಳು ಇರೋದು ಆ ಪಾಲಿನಲ್ಲಿ. ಫೋಟೋಶಾಪ್ ಬೀಳೋದು ನಿಂತು ವಿಂಡೋಸೇ ನೀಲಿ ಪರದೆಗೆ ಹೋದರೆ ಏನು ಪ್ರಯೋಜನ? 72 ಡಿಪಿಐ ಮಾಡಿದರೆ ಇದರ ಅಗತ್ಯವೇ ಬರಲ್ಲ. ಈಗಾಗಲೇ ಮಾಡಿದವರಿದ್ದರೆ, ಅದೇ ಆಜ್ಞೆಯಲ್ಲಿ ಡಿಲೀಟ್ ವ್ಯಾಲ್ಯೂ ಕೊಟ್ಟರೆ ಹಿಂದಿನಂತಾಗುತ್ತೆ.

ಕೊಡಚಾದ್ರಿ ಮೋಡ (ಹೊಸನಗರ)

ಒಪ್ಪಿದೆ. ರ‍್ಯಾಮ್ ಪರೀಕ್ಷೆ ಮುಗಿಯದೆ ಅದಕ್ಕೆ ಕೈ ಹಾಕೋದು ಬೇಡ.

ತುಂಗೆದಡ (ತೀರ್ಥಹಳ್ಳಿ)

ಎಲ್ಲರಿಗೂ ಉಪಕಾರ ಆಯ್ತು. ಒಂದು ವಾರದ ವರದಿ.

ಹಾಳೆಯಲ್ಲಿ 14 ಸಾಲು ತುಂಬಿತು. ಕೋರೆಲ್ ಬಿದ್ದ 8ರಲ್ಲಿ 6 ಸಲ ಒಂದೇ ಮಾಡ್ಯೂಲ್, ಪ್ರಿಂಟರ್ ಡ್ರೈವರ್‌ದೇ ಹೆಸರು. ಎಕ್ಸ್‌ಪಿಎಸ್ ಡೀಫಾಲ್ಟ್ ಮಾಡಿದ ಮೇಲೆ ತೆರೆಯುವಾಗ ಒಂದು ಸಲವೂ ಬಿದ್ದಿಲ್ಲ. ಡ್ರೈವರ್ ಪ್ಯಾಕೇಜ್ ಕಿತ್ತು ಹೊಸದು ಹಾಕಿದೆ, ಪ್ರಿಂಟ್ ಈಗ ಸರಿ.

ಉಳಿದ 8 ಸಾಲು (ಕೋರೆಲ್‌ನ ಇನ್ನೆರಡೂ ಸೇರಿ) ಕಲಸುಮೇಲೋಗರ. ಬ್ರೌಸರ್, ಫೋಟೋಶಾಪ್, ವಿಂಡೋಸ್ ಎಕ್ಸ್‌ಪ್ಲೋರರ್, ಮಾಡ್ಯೂಲ್ ಸಲಕ್ಕೊಂದು. ಮೆಮ್‌ಟೆಸ್ಟ್ ಹಾಕಿದೆ. ಒಂದು ಕಡ್ಡಿ ರಾತ್ರಿ ಪೂರ್ತಿ ಪಾಸ್. ಇನ್ನೊಂದು ಮೊದಲ ಸುತ್ತಿನಲ್ಲೇ ಕೆಂಪು. ರಬ್ಬರ್‌ನಲ್ಲಿ ಉಜ್ಜಿದ ಮೇಲೆ ಬೀಪ್ ನಿಂತಿತು, ಆದರೆ ಕೆಂಪು ಸಾಲು ನಿಂತಿಲ್ಲ. ಇನ್ನೊಂದು ಸ್ಲಾಟ್‌ಗೆ ಹಾಕಿದರೂ ಅದೇ ಕಡ್ಡಿ ಫೇಲ್. ತೆಗೆದಿಟ್ಟು 2 ಜಿಬಿಯಲ್ಲಿ ಓಡಿಸ್ತಿದ್ದೀನಿ. ಹಳದಿ ವೈರ್ ಬ್ಲರ್ ಓಡುವಾಗ 11.8. ಕೆಪಾಸಿಟರ್ ಯಾವುದೂ ಉಬ್ಬಿಲ್ಲ.

ಬ್ಯಾನರ್ 72ರಲ್ಲಿ ಮಾಡಿದೆ, ನಿರಾಯಾಸ.

ಈಗ ಉಳಿದಿದ್ದು: ರ‍್ಯಾಮ್ ಯಾವುದು ತಗೊಳ್ಳಲಿ? ಮತ್ತೆ ಕೋರೆಲ್‌ನಲ್ಲಿ ಫಾಂಟ್ ಪಟ್ಟಿ ಕೆಳಗೆ ಎಳೆದಾಗ ಒಂದೆರಡು ಸಲ ಬಿದ್ದಿದೆ. ಅದಲ್ಲದೆ ಬಿದ್ದ ಹೊತ್ತಿನಲ್ಲಿ ಸೇವ್ ಆಗ್ತಿದ್ದ ಒಂದು ಮದುವೆ ಕಾಗದದ ಫೈಲ್ ತೆರೆಯೋಕೇ ಬರ್ತಿಲ್ಲ.

ಬೆಸುಗೆ (ಸಾಗರ)

11.8 ಸರಿ ಇದೆ, ಎಸ್‌ಎಂಪಿಎಸ್ ಬಿಟ್ಟುಬಿಡಿ. ಬೋರ್ಡೂ ಹೋಗಿಲ್ಲ.

ಡಿಡಿಆರ್2 ಈಗ ಸೆಕೆಂಡ್ ಹ್ಯಾಂಡೇ ಸಿಗೋದು. 800 ಮೆಗಾಹರ್ಟ್ಸ್, 2 ಜಿಬಿಯದ್ದು ಒಂದು. ಜಿ31ಗೆ ಸ್ಲಾಟ್‌ಗೆ 2, ಒಟ್ಟು 4 ಜಿಬಿ, ಅಷ್ಟೇ. ಕಡಿಮೆ ಬೆಲೆಗೆ 4 ಜಿಬಿಯ ಡಿಡಿಆರ್2 ಕಡ್ಡಿ ಮಾರ್ತಾರೆ, ಅವು ಎಎಂಡಿ ಬೋರ್ಡ್‌ಗೆ ಮಾತ್ರ ಕೂರುವಂಥವು, ನಿಮ್ಮದರಲ್ಲಿ ಏಳಲ್ಲ. ಚಿಪ್ಪಿನ ಮೇಲೆ ಎಎಂಡಿ ಓನ್ಲಿ ಅಂತ ಸಣ್ಣ ಚೀಟಿ ಅಂಟಿಸಿರ್ತಾರೆ, ಕೆಲವು ಸಲ ಅದನ್ನೂ ಕಿತ್ತಿರ್ತಾರೆ. ವಾಪಸ್ ತಗೊಳ್ಳೋ ಮಾತಿದ್ದರೆ ಮಾತ್ರ ದುಡ್ಡು ಕೊಡಿ, ತಂದ ದಿನವೇ ರಾತ್ರಿ ಮೆಮ್‌ಟೆಸ್ಟ್‌ಗೆ ಹಾಕಿ.

ಕ್ಯಾಬಿನೆಟ್ ನೆಲದ ಮೇಲಿದ್ದರೆ ಒಂದು ಮಣೆ ಹಾಕಿ ಎತ್ತಿ, ಗೋಡೆಯಿಂದ ಅರ್ಧ ಅಡಿ ದೂರ ಇಡಿ. ಹಿಂದೆ ಖಾಲಿ ಇರುವ ಸ್ಲಾಟ್ ಕಿಂಡಿ ಮುಚ್ಚಿ, ಇಲ್ಲದಿದ್ದರೆ ಹಲ್ಲಿ ಬೆಚ್ಚಗೆ ಕೂರೋದು ಅಲ್ಲೇ.

ನುಡಿಮುತ್ತು (ಶಿಕಾರಿಪುರ)

ಫಾಂಟ್ ವಿಷಯ ನನ್ನದು. ಪಟ್ಟಿ ಎಳೆದಾಗ ಕೋರೆಲ್ ಪ್ರತಿ ಫಾಂಟಿನ ಮಾದರಿ ಚಿತ್ರ ಬಿಡಿಸುತ್ತೆ. ಒಂದು ಫಾಂಟ್ ಫೈಲ್ ಕೆಟ್ಟಿದ್ದರೂ ಅದರ ಸರದಿ ಬಂದಾಗ ಬೀಳುತ್ತೆ. ಡಿಟಿಪಿ ಸಿಸ್ಟಂಗಳಲ್ಲಿ ನುಡಿ, ಬರಹ, ಶ್ರೀಲಿಪಿ, ಯಾರೋ ಕೊಟ್ಟ ಸಿಡಿಯ ಅಲಂಕಾರದ ಫಾಂಟ್ ಎಲ್ಲಾ ಸೇರಿ ಸಾವಿರ ದಾಟಿರುತ್ತೆ. ದಿನಾ ಬಳಸೋದು ಇಪ್ಪತ್ತು.

ಫಾಂಟ್ಸ್ ಫೋಲ್ಡರ್ ಪೂರ್ತಿ ಬೇರೆ ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ವಿಂಡೋಸ್ ಜೊತೆ ಬಂದ ಫಾಂಟ್‌ಗಳನ್ನು ಮುಟ್ಟದೆ, ನೀವು ಹಾಕಿದ್ದರಲ್ಲಿ ಅರ್ಧ ತೆಗೆಯಿರಿ. ಪಟ್ಟಿ ಮೇಲಿಂದ ಕೆಳಗೆ ಎಳೆದು ನೋಡಿ. ಬಿದ್ದರೆ ಕಳ್ಳ ಉಳಿದ ಅರ್ಧದಲ್ಲಿದ್ದಾನೆ, ಬೀಳದಿದ್ದರೆ ತೆಗೆದ ಅರ್ಧದಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಸಾವಿರ ಫಾಂಟ್ ಇದ್ದರೂ ಹತ್ತು ಸುತ್ತಿಗೆ ಒಂದಕ್ಕೆ ಬರ್ತೀರಿ. ಒಂದೇ ಹೆಸರಿನ ಫಾಂಟ್ ಎರಡು ಆವೃತ್ತಿಯಲ್ಲಿ ಇದೆಯಾ ನೋಡಿ, ನುಡಿ ಫಾಂಟ್‌ಗಳಲ್ಲಿ ಇದು ಸಾಮಾನ್ಯ, ಹಳೇದನ್ನು ತೆಗೆಯಿರಿ. ಕೊನೆಗೆ ಸರ್ವಿಸಸ್‌ನಲ್ಲಿ ವಿಂಡೋಸ್ ಫಾಂಟ್ ಕ್ಯಾಶ್ ನಿಲ್ಲಿಸಿ, ಸಿಸ್ಟಂ32 ಒಳಗಿನ ಎಫ್‌ಎನ್‌ಟಿಕ್ಯಾಶ್ ಫೈಲ್ ಅಳಿಸಿ ರೀಸ್ಟಾರ್ಟ್ ಮಾಡಿ. ವಿಂಡೋಸ್ ಅದನ್ನು ಹೊಸದಾಗಿ ಮಾಡಿಕೊಳ್ಳುತ್ತೆ.

ಎಕ್ಸ್5ನಲ್ಲಿ ಯೂನಿಕೋಡ್ ಕನ್ನಡ ಒತ್ತಕ್ಷರ ಬಿಡಿಬಿಡಿಯಾಗಿ ನಿಂತರೆ ಅದು ಕೆಟ್ಟ ಫಾಂಟ್ ಅಲ್ಲ. ಓಪನ್‌ಟೈಪ್ ಜೋಡಣೆ (ಒತ್ತಕ್ಷರ ಕೂಡಿಸುವ ವ್ಯವಸ್ಥೆ) ಕೋರೆಲ್‌ಗೆ ಬಂದದ್ದೇ 2012ರ ಎಕ್ಸ್6ರಿಂದ. ನಿಮಗೆ ಯೂನಿಕೋಡ್ ಅಲ್ಲದ ಹಳೇ ಬಗೆಯ ಆಸ್ಕಿ ನುಡಿಯೇ ಗತಿ.

ದುರ್ಗಿಗುಡಿ ಮೂಲೆ (ಶಿವಮೊಗ್ಗ)

ಪಟ್ಟಿ ಎಳೆದಾಗ ಬೀಳೋದಕ್ಕೆ ಮೊದಲು ಟೂಲ್‌ಬಾರ್ ಐಕಾನ್‌ಗಳು ಕಪ್ಪಾಗಿ, ಖಾಲಿಯಾಗಿ ಕಾಣ್ತವಾ? ಕಂಡರೆ ಫಾಂಟ್ ಅಲ್ಲ. ಟಾಸ್ಕ್ ಮ್ಯಾನೇಜರ್‌ನ ಪ್ರೊಸೆಸಸ್ ಪುಟ, ವ್ಯೂ, ಸೆಲೆಕ್ಟ್ ಕಾಲಮ್ಸ್, ಅಲ್ಲಿ ಜಿಡಿಐ ಆಬ್ಜೆಕ್ಟ್ಸ್ (ಪರದೆಯಲ್ಲಿ ಬಿಡಿಸೋಕೆ ಪ್ರೋಗ್ರಾಂ ಹಿಡಿದಿಟ್ಟುಕೊಂಡ ಬ್ರಷ್, ಫಾಂಟ್ ಮುಂತಾದವು) ಗುರುತು ಹಾಕಿ. ಒಂದು ಪ್ರೋಗ್ರಾಂಗೆ ಮಿತಿ 10,000. ಬೆಳಿಗ್ಗೆಯಿಂದ ಇಪ್ಪತ್ತು ಫೈಲ್ ತೆರೆದಿಟ್ಟು ಸಂಜೆಗೆ ಅದು ಒಂಬತ್ತು ಸಾವಿರಕ್ಕೆ ಬಂದಿದ್ದರೆ ಸೇವ್ ಮಾಡಿ ಕೋರೆಲ್ ಮುಚ್ಚಿ ತೆರೆದರೆ ಸಾಕು. ರ‍್ಯಾಮ್ ಎಷ್ಟಿದ್ದರೂ ಈ ಮಿತಿ ಬದಲಾಗಲ್ಲ.

ಕೆಟ್ಟ ಫೈಲ್‌ಗೆ ಬರ್ತೀನಿ. ಮೂಲ ಫೈಲನ್ನು ಮುಟ್ಟದೆ ಮೂರು ಕಾಪಿ ಮಾಡಿಕೊಳ್ಳಿ. ಅದೇ ಫೋಲ್ಡರ್‌ನಲ್ಲಿ ಬ್ಯಾಕಪ್ ಆಫ್ ಅಂತ ಶುರುವಾಗುವ ಫೈಲ್ ಇದೆಯಾ ನೋಡಿ. ಹಿಂದಿನ ಸಲ ಸೇವ್ ಆದದ್ದು ಅಲ್ಲಿರುತ್ತೆ. ಟೂಲ್ಸ್, ಆಪ್ಷನ್ಸ್, ಸೇವ್ ಪುಟದಲ್ಲಿ ಆಟೋ ಬ್ಯಾಕಪ್ ಎಲ್ಲಿಗೆ ಹೋಗ್ತಿದೆ ಅಂತ ಬರೆದಿರುತ್ತೆ, ಆ ಫೋಲ್ಡರನ್ನೂ ಜಾಲಾಡಿ. ಸಿಗದಿದ್ದರೆ ಖಾಲಿ ಪುಟ ತೆರೆದು ಓಪನ್ ಬದಲು ಇಂಪೋರ್ಟ್ ಕೊಡಿ, ಕೆಲವು ಸಲ ಪುಟದ ವಿವರ ಕೆಟ್ಟಿದ್ದರೂ ಒಳಗಿನ ಚಿತ್ರ ಬರುತ್ತೆ.

ಅದೂ ಆಗದಿದ್ದರೆ ಒಂದು ಕಾಪಿಯ ಕೊನೆಯ ಸಿಡಿಆರ್ ಅಳಿಸಿ ಜಿಪ್ ಅಂತ ಮಾಡಿ. ಎಕ್ಸ್4ರಿಂದ ಈಚೆ ಕೋರೆಲ್ ಫೈಲ್ ಅಂದರೆ ಜಿಪ್ ಪೊಟ್ಟಣವೇ. ತೆರೆದರೆ ಕಂಟೆಂಟ್ ಅನ್ನೋ ಫೋಲ್ಡರ್ ಒಳಗೆ ರಿಫ್ ಡೇಟಾ ಅಂತ ಇನ್ನೊಂದು ಸಿಡಿಆರ್ ಇರುತ್ತೆ, ಅದನ್ನು ಹೊರಗೆ ತೆಗೆದು ಇಂಪೋರ್ಟ್ ಮಾಡಿ. ಜಿಪ್ಪೇ ಕೆಟ್ಟಿದೆ ಅಂದರೆ 7-ಜಿಪ್‌ನಲ್ಲಿ ತೆರೆದು ನೋಡಿ, ಅದು ಸ್ವಲ್ಪ ಹೊಟ್ಟೆಗೆ ಹಾಕಿಕೊಳ್ಳುತ್ತೆ. ಮೆಟಾಡೇಟಾ ಫೋಲ್ಡರ್‌ನ ಥಂಬ್‌ನೇಲ್ಸ್ ಒಳಗೆ ಸಣ್ಣ ಚಿತ್ರ ಉಳಿದಿದ್ದರೆ ಕನಿಷ್ಠ ಲಗ್ನದ ಹೊತ್ತು, ಹೆಸರು ಎಲ್ಲೆಲ್ಲಿ ಇಟ್ಟಿದ್ರಿ ಅಂತ ಕಾಣುತ್ತೆ.

ಫೈಲ್ ಸೈಜ್ ಸೊನ್ನೆ ಕೆಬಿ ತೋರಿಸಿದರೆ ಹುಡುಕುತ್ತಾ ಕೂರಬೇಡಿ, ಒಳಗೆ ಏನೂ ಇಲ್ಲ.

ತುಂಗೆದಡ (ತೀರ್ಥಹಳ್ಳಿ)

214 ಕೆಬಿ ಇದೆ. ಇಂಪೋರ್ಟ್‌ಗೆ ಬಗ್ಗಲಿಲ್ಲ. ಜಿಪ್ ಮಾಡಿದಾಗ ವಿಂಡೋಸ್ ಕೆಟ್ಟಿದೆ ಅಂತು, 7-ಜಿಪ್‌ನಲ್ಲಿ ತೆರೆಯಿತು. ರಿಫ್ ಡೇಟಾ ಇಂಪೋರ್ಟ್ ಆಗಿ ಒಳಪುಟ ಪೂರ್ತಿ ಬಂತು, ಮೇಲಿನ ಗಣಪತಿ ಚಿತ್ರ ಮಾತ್ರ ಖಾಲಿ ಚೌಕ. ಅದು ಬೇರೆ ಫೈಲ್‌ನಲ್ಲಿದೆ, ಹಾಕ್ಕೋತೀನಿ. ಐಕಾನ್ ಕಪ್ಪಾಗ್ತಿಲ್ಲ, ಆದ್ದರಿಂದ ಇವತ್ತು ಸಂಜೆ ಫಾಂಟ್ ಅರ್ಧ ಮಾಡೋಕೆ ಕೂರ್ತೀನಿ. ಒಟ್ಟು 1,340 ಇವೆ.

ನುಡಿಮುತ್ತು (ಶಿಕಾರಿಪುರ)

ಹಾಗಾದರೆ ಹನ್ನೊಂದು ಸುತ್ತು. ಪ್ರತಿ ಸುತ್ತಿಗೂ ಕೋರೆಲ್ ಪೂರ್ತಿ ಮುಚ್ಚಿ ತೆರೆಯಿರಿ, ತೆರೆದಿಟ್ಟುಕೊಂಡೇ ಫಾಂಟ್ ತೆಗೆದರೆ ಪಟ್ಟಿ ಹಳೇದೇ ತೋರಿಸುತ್ತೆ.